ಸದ್ದು ಹಿಡಿಯುವ ದಾರಿ

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಮಿಂಚು ಹೊಳೆದ ಕೂಡಲೇ ಸೆಕೆಂಡು ಎಣಿಸತೊಡಗಿ, ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ಆಚೆ ಹೊಡೆಯಿತೆಂದು ತಿಳಿಯುತ್ತದೆ. 12 ಎಣಿಸಿದರೆ 4 ಕಿ.ಮೀ., 6 ಎಣಿಸಿದರೆ 2 ಕಿ.ಮೀ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವುದರಿಂದ ಮಿಂಚು ನಮಗೆ ಹೊಳೆದ ಕ್ಷಣದಲ್ಲೇ ಕಾಣುತ್ತದೆ. ಸದ್ದು ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ಸಾಗುತ್ತದೆ. ಒಂದು ಕಿಲೋಮೀಟರ್ ದಾಟಲು ಅದಕ್ಕೆ ಹತ್ತಿರಹತ್ತಿರ 3 ಸೆಕೆಂಡು ಬೇಕು. ಹೊಲದಲ್ಲಿ ದುಡಿಯುವವರಿಗೆ, ದನ ಮೇಯಿಸುವವರಿಗೆ ಈ ಲೆಕ್ಕ ತಿಳಿದಿರಲೇಬೇಕು. ಎಣಿಕೆ 30ರೊಳಗೆ ಮುಗಿದರೆ ಸಿಡಿಲು 10 ಕಿ.ಮೀ. ಒಳಗೆ ಬಂದಿದೆ, ಮುಂದಿನದು ನೀವಿದ್ದಲ್ಲೇ ಬೀಳಬಹುದು. ಮರದಡಿಗೆ ಓಡದೆ ಗಟ್ಟಿ ಕಟ್ಟಡದೊಳಗೋ ಮುಚ್ಚಿದ ವಾಹನದೊಳಗೋ ಸೇರಿಕೊಳ್ಳಿ. ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ.

ಅದೇ ಗುಡುಗನ್ನು ಇನ್ನೂ ಸ್ವಲ್ಪ ಗಮನವಿಟ್ಟು ಕೇಳಿದರೆ ಒಂದು ಪ್ರಶ್ನೆ ಏಳುತ್ತದೆ. ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಗುಡುಗು ಮಾತ್ರ ಹತ್ತು ಹನ್ನೆರಡು ಸೆಕೆಂಡು ಉರುಳುತ್ತಲೇ ಇರುತ್ತದೆ. ಯಾಕೆ ಹಾಗೆ? ಮಿಂಚು ಹರಿದ ದಾರಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಗೆ ಇದು ಐದು ಪಟ್ಟು. ಅಷ್ಟು ಕಾದ ಗಾಳಿ ಸ್ಫೋಟಿಸಿದಂತೆ ಹಿಗ್ಗಿ ಸುತ್ತಲಿನ ಗಾಳಿಯನ್ನು ನೂಕುತ್ತದೆ, ಆ ನೂಕೇ ಗುಡುಗು. ಮಿಂಚಿನ ದಾರಿ ಕೆಲವು ಕಿಲೋಮೀಟರ್ ಉದ್ದದ ಅಂಕುಡೊಂಕಾದ ಗೆರೆ. ಅದರ ಒಂದು ತುದಿ ನಿಮ್ಮಿಂದ 1 ಕಿ.ಮೀ., ಇನ್ನೊಂದು ತುದಿ 5 ಕಿ.ಮೀ. ದೂರದಲ್ಲಿದ್ದರೆ ಹತ್ತಿರದ ತುದಿಯ ಸದ್ದು 3 ಸೆಕೆಂಡಿಗೆ ತಲುಪುತ್ತದೆ, ದೂರದ ತುದಿಯದು 15ನೇ ಸೆಕೆಂಡಿಗೆ. ಹುಟ್ಟಿದ್ದು ಒಟ್ಟಿಗೇ, ಬಂದು ಸೇರುವುದು ಸಾಲಾಗಿ. ಹತ್ತಿರ ಬಿದ್ದ ಸಿಡಿಲು ‘ಛಟ್’ ಎಂದು ಸೀಳಿದಂತೆ ಕೇಳಿ, ದೂರದ್ದು ಬರೀ ಗುಡುಗುಡು ಎನ್ನುವುದಕ್ಕೆ ಕಾರಣ ಬೇರೆ. ಸದ್ದಿನಲ್ಲಿರುವ ಚೂಪಾದ ಅಂಶಗಳನ್ನು ಗಾಳಿ ದಾರಿಯಲ್ಲೇ ಹೀರಿಕೊಳ್ಳುತ್ತದೆ, ಮಂದ್ರದ ಅಂಶಗಳನ್ನು ಬಹಳ ದೂರದವರೆಗೆ ಬಿಟ್ಟುಕೊಡುತ್ತದೆ.

ಗುಡುಗಿನ ಈ ಗುಣವೇ ಶಬ್ದವಿಜ್ಞಾನದ ತಿರುಳು. ಕಿವಿಗೆ ಬೀಳುವ ಸದ್ದಿನಲ್ಲಿ ಅದು ಹುಟ್ಟಿದ ಬಗೆ ಎಷ್ಟಿರುತ್ತದೋ ಬಂದ ದಾರಿಯೂ ಅಷ್ಟೇ ಇರುತ್ತದೆ. ದಾರಿಯನ್ನು ಮರೆತು ಬರೀ ಹುಟ್ಟಿನ ಕಡೆ ನೋಡುವುದರಿಂದಲೇ ನಮ್ಮ ಸಭಾಂಗಣಗಳು, ಶಾಲಾ ಕೊಠಡಿಗಳು, ಜಾತ್ರೆಯ ಮೈಕುಗಳು ಇಷ್ಟು ಕೆಟ್ಟಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಗೆ ಬರುವ ಮೊದಲು, ಸಾಗುವುದು ಏನು ಎಂಬುದು ತಿಳಿದಿರಬೇಕು.

ಸಾಗುವುದು ಏನು?

ಚಂಡೆಯ ಮೇಲೆ ಕೋಲು ಬಿದ್ದಾಗ ಚರ್ಮ ಒಳಕ್ಕೆ ತಗ್ಗಿ ಹೊರಕ್ಕೆ ಉಬ್ಬಿ ಅದುರುತ್ತದೆ. ಉಬ್ಬಿದಾಗ ಎದುರಿನ ಗಾಳಿಯನ್ನು ಒತ್ತುತ್ತದೆ, ತಗ್ಗಿದಾಗ ಅಲ್ಲಿ ಗಾಳಿ ತೆಳುವಾಗುತ್ತದೆ. ಒತ್ತಿಸಿಕೊಂಡ ಗಾಳಿ ಪಕ್ಕದ ಗಾಳಿಯನ್ನು ಒತ್ತುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ಒತ್ತಿದ ಪದರ, ತೆಳುವಾದ ಪದರ ಒಂದರ ಹಿಂದೊಂದು ಎಲ್ಲ ದಿಕ್ಕಿಗೂ ಹೊರಡುತ್ತವೆ. ಚಂಡೆಯ ಬಳಿಯಿದ್ದ ಗಾಳಿ ನಿಮ್ಮ ಕಿವಿಯವರೆಗೆ ಬರುವುದಿಲ್ಲ. ಜಾತ್ರೆಯ ದಿನ ದರ್ಶನದ ಸಾಲಿನಲ್ಲಿ ಹಿಂದಿನವರು ನೂಕಿದರೆ ಆ ನೂಕು ಗರ್ಭಗುಡಿಯ ಬಾಗಿಲವರೆಗೂ ಮುಟ್ಟುತ್ತದೆ, ನೂಕಿದವರು ಮಾತ್ರ ನಿಂತಲ್ಲೇ ನಿಂತಿರುತ್ತಾರೆ. ಗಾಳಿಯಲ್ಲಿ ಸದ್ದು ಸಾಗುವುದೂ ಹಾಗೆಯೇ.

ಆ ನೂಕು ಎಷ್ಟು ಸಣ್ಣದೆಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಎದುರು ಕೂತು ಮಾಮೂಲಿ ದನಿಯಲ್ಲಿ ಮಾತಾಡುವಾಗ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ ವಾತಾವರಣದ ಒಟ್ಟು ಒತ್ತಡದ 50 ಲಕ್ಷದಲ್ಲಿ ಒಂದು ಪಾಲು. ಆ ಮಾತಿನಲ್ಲಿ ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಅಂಶಕ್ಕೆ ಗಾಳಿಯ ಕಣ ಆಚೀಚೆ ಅಲುಗುವುದು ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಆರೋಗ್ಯವಾದ ಎಳೆಯ ಕಿವಿ ಇದಕ್ಕಿಂತ ಸಾವಿರ ಪಟ್ಟು ದುರ್ಬಲವಾದ ಒತ್ತಡವನ್ನೂ ಗುರುತಿಸಬಲ್ಲದು. ಇಷ್ಟು ಸೂಕ್ಷ್ಮವಾದ ಅಂಗವನ್ನು ಮದುವೆ ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ನಿಲ್ಲಿಸುವಾಗ ನಾವು ಎರಡು ಸಲ ಯೋಚಿಸಬೇಕು.

ನೂಕನ್ನು ಕಣ್ಣಾರೆ ನೋಡಬೇಕೆನ್ನುವ ಮಕ್ಕಳಿಗೆ ಒಂದು ಪ್ರಯೋಗ. ಅಗಲ ಬಾಯಿಯ ಪಾತ್ರೆಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಬಲೂನಿನ ರಬ್ಬರನ್ನೋ ಸುಕ್ಕಿಲ್ಲದಂತೆ ಬಿಗಿದು ಕಟ್ಟಿ, ಮೇಲೆ ಒಂದು ಚಿಟಿಕೆ ಸಕ್ಕರೆ ಉದುರಿಸಿ. ಪಾತ್ರೆಗೆ ತಾಗಿಸದೆ, ಹತ್ತಿರದಲ್ಲಿ ದೊಡ್ಡ ತಟ್ಟೆಯೊಂದನ್ನು ಸೌಟಿನಿಂದ ಬಡಿಯಿರಿ. ಪ್ರತಿ ಪೆಟ್ಟಿಗೂ ಸಕ್ಕರೆ ಕಾಳು ಕುಪ್ಪಳಿಸುತ್ತದೆ. ನಮ್ಮ ಕಿವಿಯ ತಮಟೆ ಅದುರುವುದೂ ಇದೇ ರೀತಿ.

ನೂಕಲು ಏನೂ ಇಲ್ಲದಿದ್ದರೆ ಸದ್ದೂ ಇಲ್ಲ. 1660ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಇದನ್ನು ತೋರಿಸಿಕೊಟ್ಟರು. ಗಾಜಿನ ಪಾತ್ರೆಯೊಳಗೆ ಗಡಿಯಾರವನ್ನು ದಾರದಲ್ಲಿ ತೂಗುಬಿಟ್ಟು, ಪಂಪಿನಿಂದ ಗಾಳಿ ತೆಗೆಯುತ್ತ ಹೋದಂತೆ ಟಿಕ್ ಟಿಕ್ ಸದ್ದು ಕ್ಷೀಣಿಸಿ ಕೊನೆಗೆ ಕೇಳದಾಯಿತು. ಗಡಿಯಾರದ ಮುಳ್ಳು ಓಡುತ್ತಿದ್ದುದು ಕಾಣುತ್ತಲೇ ಇತ್ತು. ಗಡಿಯಾರವನ್ನು ದಾರದಲ್ಲಿ ತೂಗುಬಿಟ್ಟದ್ದೇ ಇಲ್ಲಿ ಜಾಣತನ: ಪಾತ್ರೆಯ ತಳಕ್ಕೆ ತಾಗಿಸಿ ಇಟ್ಟಿದ್ದರೆ ಗಾಜಿನ ಮೂಲಕವೇ ಸದ್ದು ಹೊರಬರುತ್ತಿತ್ತು.

ಎಷ್ಟು ಬೇಗ, ಏನನ್ನು ಅವಲಂಬಿಸಿ?

ಜೋರಾಗಿ ಕೂಗಿದರೆ ಸದ್ದು ಬೇಗ ತಲುಪುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಪಿಸುಮಾತೂ ಕೂಗೂ ಒಂದೇ ವೇಗದಲ್ಲಿ ಹೋಗುತ್ತವೆ, ತಗ್ಗು ಶ್ರುತಿಯೂ ಹೆಚ್ಚು ಶ್ರುತಿಯೂ ಅಷ್ಟೆ. ಶ್ರುತಿಗೊಂದು ವೇಗ ಇದ್ದಿದ್ದರೆ ಕಚೇರಿಯ ಹಿಂದಿನ ಸಾಲಿನಲ್ಲಿ ಕೂತವರಿಗೆ ಮೃದಂಗ ಒಂದು ಕಡೆ, ಪಿಟೀಲು ಇನ್ನೊಂದು ಕಡೆ ಹೋಗಿ ತಾಳ ತಪ್ಪಿದಂತೆ ಕೇಳುತ್ತಿತ್ತು.

ಗಾಳಿಯಲ್ಲಿ ಸದ್ದಿನ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಉಷ್ಣತೆ. ಸೊನ್ನೆ ಡಿಗ್ರಿಯಲ್ಲಿ ಅದು ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರ್ ಕೂಡುತ್ತ ಹೋಗಿ 20 ಡಿಗ್ರಿಯಲ್ಲಿ 343, ಕಲಬುರಗಿಯ 40 ಡಿಗ್ರಿ ಬಿಸಿಲಿನಲ್ಲಿ 355 ಆಗುತ್ತದೆ. ನೂಕನ್ನು ದಾಟಿಸುವ ಅಣುಗಳು ಬಿಸಿಯಲ್ಲಿ ಹೆಚ್ಚು ಚುರುಕಾಗಿ ಓಡಾಡುತ್ತವೆ, ಆದ್ದರಿಂದ ದಾಟಿಸುವುದೂ ಚುರುಕು. ಗಾಳಿಯ ಒತ್ತಡಕ್ಕೆ ಇಲ್ಲಿ ಪಾತ್ರವಿಲ್ಲ. ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಐದನೇ ಒಂದರಷ್ಟು ಕಡಿಮೆ, ಆದರೂ ಅಲ್ಲಿ ಸದ್ದು ತುಸು ನಿಧಾನವಾಗುವುದು ಚಳಿಯಿಂದಾಗಿ ಮಾತ್ರ.

ಈ ವೇಗವನ್ನು ಅಳೆದವರ ಕಥೆ ಚೆನ್ನಾಗಿದೆ. 1709ರಲ್ಲಿ ವಿಲಿಯಂ ಡರ್‌ಹಮ್ ಎಂಬ ಇಂಗ್ಲಿಷ್ ಪಾದ್ರಿ ಅಪ್‌ಮಿನ್‌ಸ್ಟರ್ ಊರಿನ ತಮ್ಮ ಚರ್ಚಿನ ಗೋಪುರದಲ್ಲಿ ದೂರದರ್ಶಕ ಹಿಡಿದು ಕೂತು, ಮೈಲಿಗಟ್ಟಲೆ ದೂರದಲ್ಲಿ ಹಾರಿಸಿದ ಬಂದೂಕಿನ ಬೆಂಕಿ ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಲೋಲಕದ ಹೊಯ್ದಾಟ ಎಣಿಸಿದರು. ನಾವು ಮಿಂಚಿಗೆ ಮಾಡುವ ಲೆಕ್ಕವೇ ಇದು. ಸೆಕೆಂಡಿಗೆ 348 ಮೀಟರ್ ಎಂಬ ಅವರ ಉತ್ತರ ಇಂದಿನ ಅಳತೆಗೆ ತೀರ ಹತ್ತಿರ. ಬರೀ ಗಣಿತದಿಂದ ಲೆಕ್ಕ ಹಾಕಿದ ನ್ಯೂಟನ್‌ಗೆ ಮಾತ್ರ ಉತ್ತರ ಸುಮಾರು ಶೇ 15ರಷ್ಟು ಕಡಿಮೆ ಬಂದಿತ್ತು. ಸೈಕಲ್ ಪಂಪು ಒತ್ತಿದಾಗ ಅದರ ತುದಿ ಬಿಸಿಯಾಗುತ್ತದಲ್ಲ, ಸದ್ದು ಗಾಳಿಯನ್ನು ಒತ್ತಿದಾಗಲೂ ಆ ಪದರ ಕಣದಷ್ಟು ಬಿಸಿಯಾಗುತ್ತದೆ. ಆ ಬಿಸಿ ಸುತ್ತ ಹರಡಲು ಪುರುಸೊತ್ತಿಲ್ಲ, ಅಷ್ಟರಲ್ಲಿ ಅಲೆ ಮುಂದೆ ಹೋಗಿರುತ್ತದೆ. ಈ ಬಿಸಿ ನ್ಯೂಟನ್ನರ ಲೆಕ್ಕದಲ್ಲಿ ಸೇರಿರಲಿಲ್ಲ. 1816ರಲ್ಲಿ ಫ್ರಾನ್ಸಿನ ಲಾಪ್ಲಾಸ್ ಅದನ್ನು ಸೇರಿಸಿದ ಮೇಲೆ ಗಣಿತವೂ ಬಂದೂಕೂ ಒಂದೇ ಉತ್ತರ ಹೇಳಿದವು.

ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಜಿನೀವಾ ಸರೋವರದಲ್ಲಿ 13 ಕಿ.ಮೀ.ಗೂ ಹೆಚ್ಚು ದೂರದಲ್ಲಿ ಎರಡು ದೋಣಿ ನಿಲ್ಲಿಸಿ, ಒಂದರಿಂದ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮೇಲೆ ಮದ್ದಿನ ಬೆಳಕು ಹೊಳೆಯಿಸಿ, ಇನ್ನೊಂದು ದೋಣಿಯಲ್ಲಿ ನೀರಿಗಿಳಿಸಿದ ಕೊಳವೆಗೆ ಕಿವಿ ಇಟ್ಟು ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ 1,435 ಮೀಟರ್. ಉಕ್ಕಿನಲ್ಲಿ ವೇಗ 5,000 ಮೀಟರ್ ದಾಟುತ್ತದೆ. ನೀರು, ಉಕ್ಕು ಒತ್ತಿದರೆ ಸುಲಭಕ್ಕೆ ಕುಗ್ಗುವ ವಸ್ತುಗಳಲ್ಲ, ಒತ್ತಿದ್ದನ್ನು ತಕ್ಷಣ ಮುಂದಕ್ಕೆ ದಾಟಿಸುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಇದರ ಕಷ್ಟ ಅನುಭವಿಸದವರಿಲ್ಲ. ಮೇಲಿನ ಮನೆಯವರು ಗೋಡೆಗೆ ಮೊಳೆ ಹೊಡೆದರೆ ಮೂರು ಮನೆ ಕೆಳಗಿನವರಿಗೂ ಕೇಳುತ್ತದೆ, ಕಾಂಕ್ರೀಟೇ ಅದನ್ನು ಹೊತ್ತು ತರುತ್ತದೆ. ಗ್ರೈಂಡರಿನ ಕಾಲಡಿಗೆ ದಪ್ಪ ರಬ್ಬರ್ ಮ್ಯಾಟು ಹಾಕಿದರೆ ಕೆಳಗಿನವರಿಗೆ ಸಿಗುವ ನೆಮ್ಮದಿಗೂ ಇದೇ ಕಾರಣ. ಅಲ್ಲಿ ಗಟ್ಟಿ ದಾರಿ ಕಡಿದುಹೋಗುತ್ತದೆ.

ದೂರದ ಡಿಜೆಯಲ್ಲಿ ಹಾಡು ಕೇಳದೆ ಬರೀ ‘ಧಮ್ ಧಮ್’

ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬುದು ಸದ್ದಿನ ಆವೃತ್ತಿ, ಅದರ ಅಳತೆ ಹರ್ಟ್ಜ್. 20ರಿಂದ 20,000 ಹರ್ಟ್ಜ್‌ವರೆಗೆ ಮನುಷ್ಯರ ಕಿವಿಯ ವ್ಯಾಪ್ತಿ. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತ ಬರುತ್ತದೆ. ಒಂದು ಒತ್ತಿದ ಪದರಕ್ಕೂ ಮುಂದಿನ ಒತ್ತಿದ ಪದರಕ್ಕೂ ನಡುವಿನ ಅಂತರ ತರಂಗದೂರ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅದು ಸಿಗುತ್ತದೆ. 50 ಹರ್ಟ್ಜ್‌ನ ಬಾಸ್ ಅಲೆಯ ಉದ್ದ ಸುಮಾರು 7 ಮೀಟರ್, ಅಂದರೆ ಒಂದು ಮಿನಿಬಸ್ಸಿನಷ್ಟು. ‘ಸ’, ‘ಶ’ ಮುಂತಾದ ವ್ಯಂಜನಗಳಲ್ಲಿರುವ 5,000 ಹರ್ಟ್ಜ್‌ನ ಅಲೆಯ ಉದ್ದ 7 ಸೆಂಟಿಮೀಟರ್.

ಈ ಎರಡು ಅಳತೆಗಳ ಅಜಗಜಾಂತರವೇ ನಿತ್ಯದ ಎಷ್ಟೋ ಅನುಭವಗಳಿಗೆ ಕಾರಣ. ಅಲೆಗಿಂತ ಅಡ್ಡಿ ಚಿಕ್ಕದಾಗಿದ್ದರೆ ಅಲೆ ಅದನ್ನು ಬಳಸಿಕೊಂಡು ಹೋಗುತ್ತದೆ, ದೊಡ್ಡದಾಗಿದ್ದರೆ ಅದರ ಹಿಂದೆ ನೆರಳು ಬೀಳುತ್ತದೆ. ಏಳು ಮೀಟರಿನ ಬಾಸ್ ಅಲೆಗೆ ಕಾಂಪೌಂಡು, ಕಂಬ, ಬೀದಿಯ ಮೂಲೆ ಯಾವುದೂ ಲೆಕ್ಕಕ್ಕಿಲ್ಲ. ಗೋಡೆಯನ್ನೇ ಅದುರಿಸಿ ಒಳಗೆ ಬರುತ್ತದೆ. ಮಾತಿನ, ಹಾಡಿನ ಚೂಪು ಅಲೆಗಳು ಮೂಲೆ ತಿರುಗಲಾರದೆ, ಗೋಡೆ ದಾಟಲಾರದೆ, ಗಾಳಿಯಲ್ಲೂ ಸವೆದು ಉಳಿಯುವುದಿಲ್ಲ. ಹಾಗಾಗಿ ಮೂರು ಬೀದಿ ಆಚೆಯ ಮೆರವಣಿಗೆಯಿಂದ ನಿಮ್ಮ ಮಲಗುವ ಕೋಣೆಗೆ ಬಂದು ಸೇರುವುದು ಎದೆ ಗುದ್ದುವ ‘ಧಮ್ ಧಮ್’ ಒಂದೇ. ಕಿಟಕಿ ಮುಚ್ಚಿದರೆ ಅದು ನಿಲ್ಲುವುದಿಲ್ಲ, ಇನ್ನಷ್ಟು ಎದ್ದು ಕೇಳುತ್ತದೆ.

ಕನ್ನಡದ ಮಾತು ಅರ್ಥವಾಗುವುದಕ್ಕೆ ಸ್ವರಗಳಿಗಿಂತ ವ್ಯಂಜನಗಳು ಹೆಚ್ಚು ಬೇಕು. ಸ್ವರಗಳಿಗೆ ಶಕ್ತಿ ಜಾಸ್ತಿ, ವ್ಯಂಜನಗಳಿಗೆ ಮಾಹಿತಿ ಜಾಸ್ತಿ. ವಯಸ್ಸಾದ ಅಜ್ಜಿ ‘ದನಿ ಕೇಳುತ್ತದೆ, ಏನು ಹೇಳಿದೆ ಅಂತ ತಿಳಿಯಲಿಲ್ಲ’ ಎನ್ನುವಾಗ ಸರಿಯಾಗಿಯೇ ಹೇಳುತ್ತಿರುತ್ತಾರೆ. ಅವರ ಕಿವಿಯಲ್ಲಿ ಮೇಲಿನ ಆವೃತ್ತಿಗಳು ಮಸುಕಾಗಿವೆ. ಅವರ ಹತ್ತಿರ ಕಿರುಚುವುದರಿಂದ ಸ್ವರಗಳು ಮಾತ್ರ ದೊಡ್ಡದಾಗುತ್ತವೆ. ಎದುರು ಬಂದು, ಮುಖ ಕಾಣುವಂತೆ ಕೂತು, ನಿಧಾನವಾಗಿ ಬಿಡಿಸಿ ಹೇಳಿದರೆ ಅವರಿಗೆ ತಿಳಿಯುತ್ತದೆ.

ದೂರ, ರಾತ್ರಿ, ಗಾಳಿ

ಬಯಲಿನಲ್ಲಿ ಸದ್ದು ಹರಡುತ್ತ ಹೋದಂತೆ ಅದೇ ಶಕ್ತಿ ದೊಡ್ಡ ದೊಡ್ಡ ಗೋಳದ ಮೇಲೆ ಹಂಚಿಹೋಗುತ್ತದೆ. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಸದ್ದಿನ ಮಟ್ಟ ಅಳೆಯುವ ಡೆಸಿಬಲ್ ಲೆಕ್ಕದಲ್ಲಿ 6 ಕಡಿಮೆ. 10 ಮೀಟರ್ ದೂರದಲ್ಲಿ 90 ಡೆಸಿಬಲ್ ಇರುವ ಧ್ವನಿವರ್ಧಕ 20 ಮೀಟರಿನಲ್ಲಿ 84, 40ರಲ್ಲಿ 78, 80ರಲ್ಲಿ 72, 160ರಲ್ಲಿ 66, 320 ಮೀಟರಿನಲ್ಲಿ 60 ಆಗುತ್ತದೆ. ಅಂದರೆ ಕಾಲು ಕಿಲೋಮೀಟರ್ ದಾಟಿದ ಮೇಲೂ ಪಕ್ಕದಲ್ಲಿ ಯಾರೋ ಕೂತು ಮಾತಾಡಿದಷ್ಟು ಸದ್ದು. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ. ಮೇಲಿನ ಲೆಕ್ಕ ಮುಂದುವರಿಸಿದರೆ ಒಂದೂಕಾಲು ಕಿಲೋಮೀಟರ್ ಆಚೆಗೂ ಆ ಪೆಟ್ಟಿಗೆ ರಾತ್ರಿಯ ಮಿತಿಯನ್ನು ಮೀರುತ್ತದೆ ಎಂದು ಕಾಣುತ್ತದೆ.

ಕಾಗದದ ಈ ಲೆಕ್ಕ ಗಾಳಿ ಎಲ್ಲೆಡೆ ಒಂದೇ ತೆರನಾಗಿದ್ದರೆ ಸರಿ. ನಿಜದಲ್ಲಿ ಹಗಲು ನೆಲ ಕಾದಿರುತ್ತದೆ, ನೆಲದ ಬಳಿಯ ಗಾಳಿ ಬಿಸಿ, ಮೇಲೆ ತಂಪು. ಬಿಸಿ ಗಾಳಿಯಲ್ಲಿ ವೇಗ ಹೆಚ್ಚಾದ್ದರಿಂದ ಅಲೆಯ ಕೆಳಭಾಗ ಮುಂದೋಡಿ ಇಡೀ ಅಲೆ ಆಕಾಶದ ಕಡೆಗೆ ಬಾಗುತ್ತದೆ, ದೂರದವರಿಗೆ ಕೇಳುವುದಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಂಪು, ಮೇಲೆ ಬಿಸಿ. ಈಗ ಅಲೆಯ ಮೇಲ್ಭಾಗ ಮುಂದೋಡಿ ಸದ್ದು ಮತ್ತೆ ನೆಲದತ್ತ ಬಾಗುತ್ತದೆ. ಹಗಲು ಕೇಳದ ರೈಲಿನ ಶಿಳ್ಳೆ ರಾತ್ರಿ ಕೇಳುವುದಕ್ಕೆ ಸುತ್ತಲಿನ ನಿಶ್ಶಬ್ದ ಒಂದು ಕಾರಣವಾದರೆ ಈ ಬಾಗು ಇನ್ನೊಂದು. ಗಾಳಿ ಬೀಸುವ ದಿಕ್ಕಿಗೆ ಸದ್ದು ಚೆನ್ನಾಗಿ ಕೇಳುವುದರ ಹಿಂದೆಯೂ ಬಾಗುವಿಕೆಯೇ ಇದೆ. ಸೆಕೆಂಡಿಗೆ 10 ಮೀಟರ್ ಬೀಸುವ ಗಾಳಿ 345 ಮೀಟರ್ ಓಡುವ ಸದ್ದನ್ನು ಹೊತ್ತೊಯ್ಯುವುದು ಅತ್ಯಲ್ಪ. ಆದರೆ ಮೇಲೆ ಗಾಳಿ ಜೋರು, ನೆಲದ ಬಳಿ ನಿಧಾನ ಇರುವುದರಿಂದ ಗಾಳಿಯ ದಿಕ್ಕಿಗೆ ಹೋಗುವ ಸದ್ದು ಕೆಳಕ್ಕೆ ಬಾಗಿ ಕಿವಿಗೆ ಸಿಗುತ್ತದೆ, ಎದುರು ಹೋಗುವುದು ಮೇಲಕ್ಕೆ ಬಾಗಿ ತಪ್ಪಿಹೋಗುತ್ತದೆ.

ಕರಾವಳಿ, ಮಲೆನಾಡಿನ ಬಯಲಾಟದವರಿಗೆ ಇದು ಅನುಭವದಿಂದ ಗೊತ್ತಿದ್ದ ಸಂಗತಿ. ಆಟಕ್ಕೆ ಮೊದಲು ಸಂಜೆ ‘ಕೇಳಿ’ ಬಾರಿಸಿ ಸುತ್ತಲಿನ ಊರಿನವರಿಗೆ ಇವತ್ತು ಇಲ್ಲಿ ಆಟವಿದೆ ಎಂದು ತಿಳಿಸುತ್ತಿದ್ದರು. ಮೈಕಿಲ್ಲದ ಕಾಲದಲ್ಲಿ ಕೊಯ್ಲಾದ ಗದ್ದೆಯಲ್ಲಿ, ಚಳಿಗಾಲದ ರಾತ್ರಿ, ಏರು ಶ್ರುತಿಯ ಭಾಗವತಿಕೆ ಮತ್ತು ಚಂಡೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ನಡುವೆ. ಚಂಡೆಯ ಪೆಟ್ಟಿನ ಚೂಪು ಈ ವ್ಯಾಪ್ತಿಗೂ ಮುಟ್ಟುತ್ತದೆ. ಕಾಲ, ಜಾಗ, ವಾದ್ಯ, ಕಂಠ ನಾಲ್ಕೂ ದೂರಕ್ಕೆ ತಲುಪಲು ಹೊಂದಿಕೊಂಡಿದ್ದವು.

ಡೆಸಿಬಲ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಪೆಟ್ಟಿಗೆ ಕೊಳ್ಳುವವರು ಇದರಲ್ಲೇ ಮೋಸಹೋಗುತ್ತಾರೆ. ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿ ಮಾಡಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಇಮ್ಮಡಿ ಜೋರು’ ಅನ್ನಿಸಬೇಕಾದರೆ 10 ಡೆಸಿಬಲ್ ಹೆಚ್ಚಬೇಕು, ಅದಕ್ಕೆ ಬೇಕಾದ್ದು ಹತ್ತು ಪಟ್ಟು ವ್ಯಾಟ್. 100 ವ್ಯಾಟಿನ ಬದಲು 1,000 ವ್ಯಾಟ್ ತಂದು ದುಡ್ಡು ಸುರಿದರೂ ಕೇಳುಗನಿಗೆ ಅದು ಎರಡರಷ್ಟು. ಕಿವಿಗೆ ಆಗುವ ಹಾನಿ ಮಾತ್ರ ಶಕ್ತಿಯ ಲೆಕ್ಕದಲ್ಲೇ ಆಗುತ್ತದೆ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ತಾಳುವ ಕಿವಿಗೆ 88ರಲ್ಲಿ 4 ಗಂಟೆ, 100ರಲ್ಲಿ ಕಾಲು ಗಂಟೆಯಷ್ಟೇ ಸುರಕ್ಷಿತ.

ಗುಮ್ಮಟದ ಗೋಡೆಗೆ ಅಂಟಿಕೊಂಡು

ಸದ್ದಿನ ದಾರಿಯನ್ನು ಕಟ್ಟಡ ಹೇಗೆ ಬದಲಿಸುತ್ತದೆಂದು ತಿಳಿಯಲು ವಿಜಯಪುರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಗೋಳಗುಮ್ಮಟ. ಅದರ ಒಳವ್ಯಾಸ ಸುಮಾರು 38 ಮೀಟರ್. ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಓಡಾಡಲು ಮೊಗಸಾಲೆ ಇದೆ. ಒಬ್ಬರು ಗೋಡೆಯತ್ತ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ನಡುವೆ ನಿಂತವರಿಗೆ ಏನೂ ಕೇಳದು.

ಪಿಸುಮಾತು ನೇರವಾಗಿ ಅಡ್ಡ ಹಾಯ್ದು ಹೋದರೆ ಬಯಲಿನಲ್ಲಿ ಹರಡಿದಂತೆ ಹರಡಿ ಸತ್ತುಹೋಗುತ್ತದೆ. ಗೋಡೆಯ ಗುಂಟ ಹೊರಟದ್ದಕ್ಕೆ ಬೇರೆಯೇ ಗತಿ: ಬಾಗಿದ ನುಣುಪು ಗೋಡೆಗೆ ಸ್ವಲ್ಪ ಓರೆಯಾಗಿ ತಾಗಿ, ಪುಟಿದು, ಮತ್ತೆ ತಾಗಿ, ಗೋಡೆಗೆ ಅಂಟಿದ ತೆಳು ಪದರದಲ್ಲೇ ಸುತ್ತು ಹಾಕುತ್ತದೆ. ಮೂರು ದಿಕ್ಕಿಗೆ ಹರಡುವ ಬದಲು ಗೋಡೆಯ ಮೇಲಷ್ಟೇ ಹರಡುವುದರಿಂದ ಅದು ಕ್ಷೀಣಿಸುವುದು ಬಹಳ ನಿಧಾನ. ಅರ್ಧ ಸುತ್ತು ಅಂದರೆ 60 ಮೀಟರ್ ದಾಟಿ ಸೆಕೆಂಡಿನ ಆರನೇ ಒಂದು ಭಾಗದಲ್ಲಿ ಆಚೆ ಮುಟ್ಟುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿರುವ ಇಂಥದೇ ಮೊಗಸಾಲೆಯನ್ನು ನೋಡಿ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಈ ವಿವರಣೆ ಕೊಟ್ಟಿದ್ದರು. 1921ರಲ್ಲಿ ಅಲ್ಲಿಗೆ ಹೋದ ಸಿ.ವಿ. ರಾಮನ್ ಅದೇ ಮೊಗಸಾಲೆಯಲ್ಲಿ ಪ್ರಯೋಗ ನಡೆಸಿ, ಸದ್ದಿನ ತೀವ್ರತೆ ಗೋಡೆಯಿಂದ ದೂರ ಸರಿದಂತೆ ಏರಿಳಿಯುವುದನ್ನು ಗುರುತಿಸಿದರು. ಬೆಳಕಿನ ಅಧ್ಯಯನಕ್ಕೆ ಬರುವ ಮೊದಲು ಸದ್ದಿನಲ್ಲೇ ಮುಳುಗಿದ್ದ ವಿಜ್ಞಾನಿ ಅವರು. ಮೃದಂಗದ ಬಲ ಮುಚ್ಚಳಿಕೆಯ ಕರಿ ಕರಣೆಯಿಂದಾಗಿಯೇ ಅದರ ಉಪಸ್ವರಗಳು ಒಂದಕ್ಕೊಂದು ಹೊಂದಿ ನಾದವಾಗುತ್ತವೆ ಎಂದು 1920ರಲ್ಲೇ ತೋರಿಸಿದ್ದರು.

ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅಡ್ಡ ಹಾಯ್ದ ಸದ್ದು ಎದುರು ಗೋಡೆ ಮುಟ್ಟಿ 76 ಮೀಟರ್ ಪಯಣ ಮುಗಿಸಿ ಸೆಕೆಂಡಿನ ಐದನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿಗೆ ಮರಳುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತಡವಾಗಿ ಬಂದದ್ದನ್ನು ಕಿವಿ ಬೇರೆ ಸದ್ದೆಂದು ಗುರುತಿಸುತ್ತದೆ, ಆದ್ದರಿಂದ ಅದು ಪ್ರತಿಧ್ವನಿ. ಮತ್ತೆ ಹೋಗಿ ಮತ್ತೆ ಬರುವುದರಿಂದ ಒಂದೇ ಚಪ್ಪಾಳೆ ಹಲವು ಸಲ ಕೇಳುತ್ತದೆ. ನೋಡಲು ಹೋಗುವವರು ಬಾಗಿಲು ತೆರೆದ ಕೂಡಲೇ, ಗದ್ದಲ ಸೇರುವ ಮೊದಲು ಹೋಗಬೇಕು. ಶಿಳ್ಳೆ, ಕೂಗಾಟ ಶುರುವಾದ ಮೇಲೆ ಆ ಕಟ್ಟಡ ಏನನ್ನೂ ಹೇಳಿಕೊಡಲಾರದು, ಎಲ್ಲರ ಕೂಗನ್ನೂ ಕಲಸಿ ಮರಳಿಸುತ್ತದೆ ಅಷ್ಟೆ.

ಸಭಾಂಗಣಕ್ಕೆ ಬೇಕಾದ್ದು ಮೆತ್ತೆ

ಆ ಕಲಸುವಿಕೆಯೇ ನಮ್ಮ ಕಲ್ಯಾಣಮಂಟಪಗಳಲ್ಲಿ, ಸಮುದಾಯ ಭವನಗಳಲ್ಲಿ ನಡೆಯುತ್ತಿದೆ. ಮೈಕಿನಲ್ಲಿ ಮಾತು ಜೋರಾಗಿಯೇ ಬರುತ್ತದೆ, ಅರ್ಥ ಮಾತ್ರ ಹತ್ತುವುದಿಲ್ಲ. ಆಗ ‘ಸೌಂಡ್ ಇನ್ನೂ ಸ್ವಲ್ಪ ಜಾಸ್ತಿ ಮಾಡಪ್ಪ’ ಎಂದು ಹಿರಿಯರು ಕೂಗುತ್ತಾರೆ, ಜಾಸ್ತಿ ಮಾಡಿದಷ್ಟೂ ಕೆಡುತ್ತದೆ. ಗ್ರಾನೈಟು ನೆಲ, ಗಾರೆ ಗೋಡೆ, ಗಾಜು, ಕಾಂಕ್ರೀಟು ಚಾವಣಿ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ಶೇ 95ಕ್ಕೂ ಹೆಚ್ಚನ್ನು ವಾಪಸು ಕಳಿಸುತ್ತವೆ. ಒಂದು ಅಕ್ಷರ ಸಾಯುವ ಮೊದಲು ಮುಂದಿನ ಹತ್ತು ಅಕ್ಷರ ಅದರ ಮೇಲೆ ಬಂದು ಬೀಳುತ್ತವೆ. ದನಿ ಏರಿಸಿದರೆ ಹೊಸ ಅಕ್ಷರದ ಜೊತೆ ಹಳೆಯ ಅಕ್ಷರದ ಬಾಲವೂ ಅಷ್ಟೇ ಏರುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಅಧ್ಯಾಪಕ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಸಭಾಂಗಣದಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಒಂದು ಸದ್ದು ಪೂರ್ತಿ ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಸಬೈನ್ ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ನಾಟಕಶಾಲೆಯ ಕುರ್ಚಿ ಮೆತ್ತೆಗಳನ್ನು ಹೊರಿಸಿ ತಂದು ಸಭಾಂಗಣದಲ್ಲಿ ಹಾಸುತ್ತಿದ್ದರು, ಆರ್ಗನ್ನಿನ ಒಂದು ಕೊಳವೆ ಊದಿಸಿ ನಿಲ್ಲಿಸಿ ಸದ್ದು ಅಡಗುವ ಹೊತ್ತನ್ನು ಅಳೆಯುತ್ತಿದ್ದರು, ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸು ಕಳಿಸುತ್ತಿದ್ದರು. ಮೆತ್ತೆ ಹೆಚ್ಚಿದಂತೆ ಹೊತ್ತು ಇಳಿಯಿತು. ಅದರಿಂದ ಹುಟ್ಟಿದ ಸೂತ್ರ ಸರಳ: ಕೋಣೆಯ ಘನಗಾತ್ರವನ್ನು 0.16ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಸದ್ದು ಅಡಗುವ ಸೆಕೆಂಡುಗಳು ಸಿಗುತ್ತವೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ಕಟ್ಟಿದ ಮೊದಲ ಸಭಾಂಗಣ, ಇಂದಿಗೂ ಜಗತ್ತಿನ ಶ್ರೇಷ್ಠ ಸಂಗೀತ ಸಭಾಂಗಣಗಳಲ್ಲಿ ಒಂದು.

ನಮ್ಮ ತಾಲ್ಲೂಕು ಕೇಂದ್ರದ ಒಂದು ಮಾದರಿ ಸಭಾಂಗಣ ತೆಗೆದುಕೊಳ್ಳೋಣ. 30 ಮೀಟರ್ ಉದ್ದ, 15 ಅಗಲ, 6 ಎತ್ತರ. 2,700 ಘನ ಮೀಟರ್. ಒಳಮೈ ಒಟ್ಟು 1,440 ಚದರ ಮೀಟರ್, ಹೀರುವುದು ಶೇ 4 ಎಂದಿಟ್ಟುಕೊಂಡರೆ ಖಾಲಿ ಹಾಲಿನಲ್ಲಿ ಸದ್ದು ಅಡಗಲು ಏಳೂವರೆ ಸೆಕೆಂಡು ಬೇಕು. 300 ಜನ ಕೂತರೆ ಅವರ ಮೈ, ಬಟ್ಟೆ ಹೀರಿಕೊಂಡು ಅದು ಎರಡೂಕಾಲು ಸೆಕೆಂಡಿಗೆ ಇಳಿಯುತ್ತದೆ. ಭಾಷಣ ತಿಳಿಯಲು ಇರಬೇಕಾದ್ದು ಸುಮಾರು 1 ಸೆಕೆಂಡು. ಈಗ ಚಾವಣಿ ಪೂರ್ತಿ ಖನಿಜ ಉಣ್ಣೆಯ ಹಲಗೆಗಳನ್ನು ಹೊಂದಿಸಿ, ಬಿದ್ದ ಸದ್ದಿನ ಶೇ 70ನ್ನು ಅದು ಹೀರುವಂತೆ ಮಾಡಿದರೆ ಖಾಲಿ ಹಾಲಿನಲ್ಲೂ 1.2 ಸೆಕೆಂಡು, ಜನ ತುಂಬಿದಾಗ 0.9. ಒಂದು ವ್ಯಾಟ್ ಹೆಚ್ಚಿಸದೆ ಸಿಕ್ಕ ಸ್ಪಷ್ಟತೆ ಇದು. ಅಷ್ಟು ಖರ್ಚು ಆಗದಿದ್ದರೆ ಹಿಂಗೋಡೆಗೆ ಮಡಿಕೆ ಮಡಿಕೆಯಾಗಿ ದಪ್ಪ ಪರದೆ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ದೊಡ್ಡ ಪೆಟ್ಟಿಗೆ ಎರಡರ ಬದಲು ಸಣ್ಣವು ಹಲವನ್ನು ಜನರ ಹತ್ತಿರ, ಅವರ ಕಡೆಗೇ ಮುಖ ಮಾಡಿ ಇಡಿ. ಮಾತಾಡುವವರು ಮೈಕನ್ನು ಬಾಯಿಯ ಹತ್ತಿರ ಹಿಡಿಯಲಿ.

ಒಂದು ಎಚ್ಚರಿಕೆ: ಹೀರುವುದು ಬೇರೆ, ತಡೆಯುವುದು ಬೇರೆ. ಪರದೆ, ಫೋಮು, ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸಿ ಪಕ್ಕದ ಮನೆಯ ಟಿವಿ ಸದ್ದು ನಿಲ್ಲಿಸುತ್ತೇವೆಂದು ಹೊರಡುವವರಿಗೆ ದುಡ್ಡು ದಂಡ. ತಡೆಯಲು ಬೇಕಾದ್ದು ಭಾರ ಮತ್ತು ಬಿಗಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ 50 ಡೆಸಿಬಲ್‌ನಷ್ಟು ತಡೆಯಬಲ್ಲದು. ಅದರಲ್ಲಿ ನೂರರಲ್ಲೊಂದು ಭಾಗ ತೆರೆದಿದ್ದರೆ ತಡೆ 20 ಡೆಸಿಬಲ್‌ಗೆ ಕುಸಿಯುತ್ತದೆ. ಬಾಗಿಲ ಕೆಳಗಿನ ಎರಡು ಸೆಂಟಿಮೀಟರ್ ಸಂದು ಆ ಬಾಗಿಲಿನ ನೂರರಲ್ಲೊಂದು ಭಾಗವೇ. ಓದುವ ಮಕ್ಕಳ ಕೋಣೆಗೆ ಸದ್ದು ಬಾರದಿರಲು ಮೊದಲು ಆ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಿಟಕಿಯ ಬಿರುಕು ಮುಚ್ಚಿಸಿ. ಉಳಿದ ಖರ್ಚು ಆಮೇಲೆ.

ಊರಿನಲ್ಲಿ ಹೊಸ ಭವನಕ್ಕೆ, ಶಾಲೆಗೆ, ಗ್ರಂಥಾಲಯಕ್ಕೆ ನಕ್ಷೆ ತಯಾರಾಗುವಾಗ ಸಮಿತಿಯವರು ಎಂಜಿನಿಯರನ್ನು ಒಂದು ಪ್ರಶ್ನೆ ಕೇಳಲಿ: ಈ ಹಾಲಿನಲ್ಲಿ ಸದ್ದು ಅಡಗಲು ಎಷ್ಟು ಸೆಕೆಂಡು? ಸಬೈನರ ಸೂತ್ರದಿಂದ ಅದನ್ನು ಲೆಕ್ಕ ಹಾಕಲು ಅರ್ಧ ಗಂಟೆ ಸಾಕು. ಕಟ್ಟಿದ ಮೇಲೆ ಸರಿಪಡಿಸುವ ಖರ್ಚಿಗಿಂತ ನಕ್ಷೆಯಲ್ಲೇ ಸೇರಿಸುವ ಖರ್ಚು ಬಹಳ ಕಡಿಮೆ.